ಹಿಂದಕ್ಕೆ ಒಂದು ಹೆಜ್ಜೆ

"ಹಳೇ ಗುಂಡೀಲಿ ಸಿಕ್ಕ ಮೂಳೆ ಯಾರದು ಅಂತ ಗೊತ್ತಾಯ್ತು ಮೇಡಂ. ನಿಮ್ಮ ಯಜಮಾನ್ರ ಅಣ್ಣ ಸ್ತೋಯನ್," ಎಂದಳು ಫೋನಿನಲ್ಲಿ ಪೊಲೀಸಿನವಳು. "ಪಿಕಾಸೀಲಿ ಹೊಡೆದಿದಾರೆ. ಮೊನೆ ಮುರಿದು ತಲೆಬುರುಡೇಲೇ ಉಳಿದಿದೆ."

ಮದುವೆಗೆ ವಾರವಿದ್ದಾಗ ಸ್ತೋಯನ್ ತನಗೆ ಕೈಕೊಟ್ಟು ಓಡಿಹೋದನೆಂದು ವೆಸ್ನ ಮೂವತ್ತು ವರ್ಷ ಶಪಿಸಿದ್ದಳು. ಅದೇ ಸಿಟ್ಟಿನಲ್ಲಿ ಅವನ ತಮ್ಮ ರಾದೆಯನ್ನು ಕಟ್ಟಿಕೊಂಡಿದ್ದಳು. ಅವಳ ಕಾಲ ಬಳಿ, ಓಪಲ್ ಹರಳಿಗಾಗಿ ಅಗೆದ ಮಣ್ಣಿನ ಮೇಲೆ, ರಾದೆಯ ಮೊಂಡು ಪಿಕಾಸಿ ಬಿದ್ದಿತ್ತು. ಕಲ್ಲಿಗೆ ಬಡಿದು ಮೊನೆ ಮುರಿಯಿತೆಂದು ಸ್ತೋಯನ್ ಕಾಣೆಯಾದ ಆ ವಾರವೇ ಹೇಳಿದ್ದ. ಅವಳು ಅದನ್ನು ಎತ್ತಿಕೊಂಡಳು.

"ಯಾರೇ ಫೋನಲ್ಲಿ?" ಎನ್ನುತ್ತ ರಾದೆ ಹತ್ತಿರ ಬಂದ.

"ಮೈಯಲ್ಲಿ ರಾಜರ ರಕ್ತ ಇದೆ ಅಂತ ತೋರಿಸೋಕೆ ವಂಶ ಹುಡುಕೋ ಕಂಪನಿಗೆ ಎಂಜಲು ಕಳಿಸಿದ್ಯಲ್ಲ, ದೊರೆ. ಆ ಎಂಜಲೇ ನಿಮ್ಮಣ್ಣನ್ನ ಹುಡುಕಿಕೊಡ್ತಂತೆ."

ರಾದೆ ಬಿಳಿಚಿಕೊಂಡ. "ಅವನೇ ಮೊದಲು ಕೈ ಎತ್ತಿದ್ದು ಕಣೇ. ಕೆಳಗಿಡು ಅದನ್ನ."

ಅವಳು ಬೀಸಿದಳು. ಅವನ ಕೆನ್ನೆ ಸೀಳಿ ಹಲ್ಲು ಕಂಡವು. ರಕ್ತ ಸುರಿಯುವ ಬಾಯನ್ನು ಎರಡೂ ಕೈಯಲ್ಲಿ ಅದುಮಿಕೊಂಡು ಅವನು ಹಿಂದೆ ಸರಿದ.

ಬಾಯ್ತೆರೆದ ಗುಂಡಿಗಳ ಈ ಊರಲ್ಲಿ ತಿರುಗಿ ನೋಡದೆ ಯಾರೂ ಹಿಂದಕ್ಕೆ ಕಾಲಿಡುವುದಿಲ್ಲ. ಮರೆತು ಇಟ್ಟವನು ಹಗೆಯಾದರೂ ಸರಿ, ಕಂಡವರು ಕೂಗಿ ನಿಲ್ಲಿಸುತ್ತಾರೆ. ರಾದೆಯ ಹಿಮ್ಮಡಿಯ ಹಿಂದೆ ಗುಂಡಿಯ ಕಪ್ಪು ಬಾಯಿ ಕಂಡದ್ದೇ ತಡ, ವೆಸ್ನಳ ನಾಲಿಗೆಯ ತುದಿಗೂ ಆ ಕೂಗು ತಾನಾಗಿ ಬಂತು.

ಅವಳು ಅದನ್ನು ನುಂಗಿಕೊಂಡು ಒಂದು ಹೆಜ್ಜೆ ಮುಂದಿಟ್ಟಳು.