ಮೊದಲ ಅರ್ಧ ಗಂಟೆ

ಹಣಕಾಸು ಸಲಹೆಗಾರನ ಬಾಗಿಲಿಗೆ ದೊಡ್ಡ ಬೋರ್ಡಿತ್ತು: ‘ಮೊದಲ ಅರ್ಧ ಗಂಟೆ ಉಚಿತ. ಆಮೇಲೆ ಗಂಟೆಗೆ ಸಾವಿರ ರೂಪಾಯಿ.’

ಅಂದು ಬಂದದ್ದು ಖಾನಾವಳಿ ನಡೆಸುವ ಹೆಂಗಸು. ಕೈಗೆ ಇನ್ನೂ ಜೋಳದ ಹಿಟ್ಟು ಮೆತ್ತಿಕೊಂಡಿತ್ತು. ಪಾಪ, ಇವಳಿಗೆ ಎಲ್ಲಿಂದ ಕಲಿಸಲಿ ಎಂದುಕೊಳ್ಳುತ್ತಲೇ ಆತ ನೋಟ್‌ಬುಕ್ಕು ತೆರೆದ.

“ತಿಂಗಳಿಗೆ ಏನರ ಉಳಿತದೇನ್ರಿ?”

“ಉಳಿಯೂದನ್ನ ಕಾಯ್ಕೋತ ಕುಂತ್ರ ಏನೂ ಉಳಿಯಂಗಿಲ್ರಿ. ಹಿಟ್ಟು ನಾದೂಕಿಂತ ಮೊದ್ಲ ಒಂದು ಮುಟಗಿ ತಗದಿಡ್ತೀನಿ. ರೊಕ್ಕಾನೂ ಹಂಗ, ಕೈಗೆ ಬಂದ ದಿನಾನ ತಗದಿಡ್ತೀನಿ. ಹಂಗ ಇಟ್ಟು ಎರಡು ಮನಿ ಕಟ್ಟಿಸೀನಿ. ಮೂರನೇದು ಕಟ್ಟಿಸ್ಲೋ, ಬ್ಯಾಂಕಿನ್ಯಾಗ ಇಡ್ಲೋ ಅಂತ ಕೇಳಾಕ ಬಂದೆ.”

ಬಾಡಿಗೆ ಕಚೇರಿಯ, ಕಂತಿನ ಕಾರಿನ ಸಲಹೆಗಾರ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಅವನು ಒಂದೊಂದೇ ಕೇಳಿದ, ಆಕೆ ಹೇಳುತ್ತ ಹೋದಳು. ನೋಟ್‌ಬುಕ್ಕಿನ ನಾಲ್ಕು ಪುಟ ತುಂಬಿದವು.

“ಅಕ್ಕಾರ, ನಾ ಗಳಿಸಿದ್ದೆಲ್ಲಾ ಕಾರಿನ ಕಂತಿಗೇ ಹೋಗ್ತದ. ನಾ ಎಲ್ಲಿಂದ ಶುರು ಮಾಡ್ಲಿ?”

ಆಕೆ ಗೋಡೆಯ ಗಡಿಯಾರ ನೋಡಿ, ಸೆರಗು ಸರಿಮಾಡಿಕೊಂಡು ಎದ್ದಳು.

“ಅರ್ಧಾ ತಾಸು ಆತ್ರಿ ಸಾಹೇಬ್ರ. ಇನ್ನ ಮ್ಯಾಲ ತಾಸಿಗೆ ಸಾವಿರ.”