ಜೇಬಿಲ್ಲದ ಅಂಗಿ

ಭಾವನಿಗೆ ಉಸಿರು ಸಾಲುತ್ತಿರಲಿಲ್ಲ. ವಜ್ರಕ್ಕೆ ಸಾಣೆ ಹಿಡಿಯುವ ಆ ಕೋಣೆಯಲ್ಲಿ ಅದೇನು ದೊಡ್ಡ ಸುದ್ದಿಯಲ್ಲ. ಸಾಸಿವೆಗಿಂತ ಸಣ್ಣ ಹರಳು ಗಾಳಿಗೆ ಹಾರಿಹೋದೀತೆಂದು ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ಫ್ಯಾನು ಹಾಕಿಸಿರಲಿಲ್ಲ. ಹೊರಗೆ ಹೋಗಲು ದಾರಿ ಕಾಣದ ಬೂದು ಪುಡಿ ಕೂತವರ ಎದೆಯೊಳಗೇ ಮನೆ ಮಾಡಿಕೊಂಡಿತ್ತು.

"ಭಾವ, ನಿಮ್ಮೆದೆ ಕಮ್ಮಾರನ ತಿದಿ ಥರ ಸದ್ದು ಮಾಡ್ತಿದೆ," ಎಂದ ಪಕ್ಕದ ಚಕ್ರದ ಮುಂದೆ ಕೂತಿದ್ದ ಕಡ್ಡಿ. ಅವನು ಭಾವನ ಹೆಂಡತಿಯ ತಮ್ಮ. ಕೆಲಸ ಕಲಿಸಿದವನೂ ಭಾವನೇ, ಕಡ್ಡಿ ಎಂದು ಹೆಸರಿಟ್ಟವನೂ ಭಾವನೇ.

"ತಿದಿಯಾದ್ರೆ ಕಬ್ಬಿಣ ಕಾಯಿಸುತ್ತೆ ಕಣೋ. ಇದು ಬರೀ ನಿಮ್ಮಕ್ಕನ ತಲೆ ಕಾಯಿಸುತ್ತೆ." ಭಾವ ನಗಲು ಹೋಗಿ ಕೆಮ್ಮಿದ. ತೋರುಬೆರಳಿನಿಂದ ಎದೆಯನ್ನು ಕುಟ್ಟಿ ತೋರಿಸಿದ. ಮಾತು ಹೊರಡದಿದ್ದಾಗ ಅವನು ಮಾಡುವ ಸನ್ನೆ ಅದು. ಎಂಜಿನ್ ಕೈಕೊಟ್ಟಿದೆ, ಸ್ವಲ್ಪ ತಡಿ ಎಂದು ಅರ್ಥ. ಕೋಣೆಯವರಿಗೆಲ್ಲ ಅದು ಗೊತ್ತಿತ್ತು. ಉಸಿರು ತಿರುಗಿದ ಮೇಲೆ ಹೇಳಿದ: "ಎಲ್ಲೋ ಯಾವನೋ ಗುಂಡಿ ತೋಡಿ ಇದನ್ನ ಹೊರಗೆ ತೆಗೀತಾನೆ. ನಾವಿಲ್ಲಿ ಇದರ ಪುಡಿ ತಿಂತೀವಿ. ಇನ್ನೆಲ್ಲೋ ಯಾವಳೋ ಬೆರಳು ಚಾಚ್ತಾಳೆ. ನೆಂಟಸ್ತನ ಭಾರೀ ಗಟ್ಟಿ ಕಣೋ. ಒಬ್ಬರ ಮುಖ ಒಬ್ಬರು ನೋಡಿಲ್ಲ, ಅಷ್ಟೇ."

ಕಡ್ಡಿ ನಗುತ್ತಲೇ ಹರಳು ಕಚ್ಚಿಸಿದ ಹಿಡಿಕೆಯನ್ನು ಚಕ್ರಕ್ಕೆ ಒತ್ತಿದ. ಟಿಕ್ ಎಂದಿತು. ಹಿಡಿಕೆಯ ತುದಿಯಲ್ಲಿ ಹರಳಿರಲಿಲ್ಲ.

"ನಿಲ್ಲಿ!" ಎಂದು ಕಡ್ಡಿಯೇ ಕೂಗಿದ. ಹಾಗೆ ಕೂಗಬೇಕು. ಚಕ್ರಗಳು ನಿಂತವು. ಚಪ್ಪಲಿಗೆ ಹರಳು ಅಂಟೀತೆಂದು ಯಾರೂ ಕಾಲು ಎತ್ತಲಿಲ್ಲ. ಮೇಸ್ತ್ರಿ ಬಾಗಿಲಿಗೆ ಬೀಗ ಜಡಿದ. ಸೊಂಟಕ್ಕೆ ಕೀಲಿ ಸಿಕ್ಕಿಸಿಕೊಂಡು ಓಡಾಡುವ ಅವನಿಗೆ ಬೀಗದಣ್ಣ ಎಂದೇ ಹೆಸರು. ಬಿದ್ದ ಹರಳು ಕಣ್ಣಿಗೆ ಬಿದ್ದವರು ಅದನ್ನು ಮುಟ್ಟುವಂತಿಲ್ಲ, ಬೆರಳು ಮಾಡಿ ತೋರಿಸಬೇಕು. ಚಿಮಟದಿಂದ ಎತ್ತುವವನು ಬೀಗದಣ್ಣನೊಬ್ಬನೇ. ಕಳ್ಳ ಎಂದು ಯಾರೂ ಯಾರನ್ನೂ ಅನ್ನದಿರಲಿ ಎಂದು ಆ ಕಟ್ಟಳೆ.

ಭಾವನಿಗೆ ಕೆಮ್ಮು ಒತ್ತರಿಸಿ ಬಂತು. ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಕೆಮ್ಮಿದರೆ ಹರಳು ಹಾರುತ್ತದೆ. ಅದು ಕೈಗೆ ಅಂಟಿದ ಕಸುಬಿನ ಬುದ್ಧಿ. ಅವನ ಮುಖ ಕಪ್ಪಿಟ್ಟಿತು. ಉಸಿರಿನ ಔಷಧಿಯ ಪಂಪು ಹೊರಗೆ ಗೂಟಕ್ಕೆ ನೇತುಹಾಕಿದ ಅವನ ಕೋಟಿನಲ್ಲಿತ್ತು. ಹರಳು ಜೇಬಿಗಿಳಿದೀತೆಂದು ಕೋಣೆಯೊಳಗೆ ತೊಡುವ ಅಂಗಿಗೆ ಜೇಬು ಇಡುತ್ತಿರಲಿಲ್ಲ.

"ಅಣ್ಣ, ಬಾಗಿಲು ತೆಗೀರಿ. ಭಾವನ ಪಂಪು ಹೊರಗಿದೆ."

"ಹರಳು ಸಿಗದೆ ತೆಗೆದ್ರೆ ನಾಳೆ ಈ ಕೀಲಿ ಇನ್ನೊಬ್ಬನ ಸೊಂಟದಲ್ಲಿರುತ್ತೆ. ಬೀಳಿಸಿದೋನು ನೀನು ತಾನೆ? ಬೇಗ ಹುಡುಕು."

ಕಡ್ಡಿ ಮಂಡಿಯೂರಿ ಸಣ್ಣ ಬ್ರಷ್ಷಿನಿಂದ ನೆಲದ ಪುಡಿಯನ್ನು ಬಳಿಯತೊಡಗಿದ. ಬೆಂಚಿನ ಕಾಲು, ಚಕ್ರದ ಬುಡ, ಭಾವನ ಚಪ್ಪಲಿಯ ಸುತ್ತ. ತಲೆಯೆತ್ತಿದಾಗ ಭಾವ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು, ಇನ್ನೊಂದು ಕೈಯ ಬೆರಳನ್ನು ಎದೆಯ ಕಡೆಗೆ ಮಾಡಿದ್ದ. ಕುಟ್ಟುತ್ತಿರಲಿಲ್ಲ. ಬೆರಳು ಒಂದೇ ಕಡೆ ನಿಂತಿತ್ತು.

"ಗೊತ್ತು ಭಾವ, ಗೊತ್ತು. ಒಂದ್ನಿಮಿಷ ತಡ್ಕೊಳ್ಳಿ."

ಭಾವ ಅಲ್ಲವೆಂದು ತಲೆಯಾಡಿಸಿದ. ಮತ್ತೆ ಅಲ್ಲಿಗೇ ಬೆರಳು ಮಾಡಿದ.

"ಅಣ್ಣ, ಎಂಜಿನ್ ಕೈಕೊಟ್ಟಿದೆ, ನೋಡಿ ಅಲ್ಲಿ!"

"ನೋಡ್ತಿದೀನಿ. ನೀನು ನೆಲ ನೋಡು."

ಕಡ್ಡಿ ನೆಲ ನೋಡಿದ. ಸ್ಟೂಲು ಉರುಳಿದ ಸದ್ದಿಗೆ ತಿರುಗಿದರೆ ಭಾವ ಖಾಲಿ ಚೀಲದಂತೆ ಗೋಡೆಗೆ ಕುಸಿದಿದ್ದ. ಆಗ ಬೀಗದಣ್ಣ ಬಾಗಿಲು ತೆಗೆದ. ಯಾರೋ ಪಂಪಿಗೆ ಓಡಿದರು. ಗಾಳಿಯಾಡಲೆಂದು ಕಡ್ಡಿ ಭಾವನ ಅಂಗಿ ಬಿಚ್ಚಲು ಹೋದ. ಗುಂಡಿಪಟ್ಟಿಯ ಮಡಿಕೆಯಲ್ಲಿ, ಭಾವ ಅಷ್ಟು ಹೊತ್ತು ಬೆರಳು ಮಾಡಿದ್ದ ಜಾಗದಲ್ಲೇ, ಹರಳು ಕೂತಿತ್ತು. ಭಾವ ತೋರಿಸಿದ್ದು ಎಂಜಿನ್ನನ್ನಲ್ಲ.

ಕಡ್ಡಿ ಅದನ್ನು ಮುಟ್ಟಲಿಲ್ಲ. ಬೆರಳು ಮಾಡಿ ತೋರಿಸಿದ. ಬೀಗದಣ್ಣ ಚಿಮಟ ತಂದು ಎತ್ತಿಕೊಂಡ. ಪಂಪು ಬಂತು. ಒತ್ತಿದ ಔಷಧಿ ಒಳಗೆ ಇಳಿಯದೆ ತುಟಿಯಿಂದಲೇ ಹೊರಗೆ ಬಂತು. ಮತ್ತೆ ಒತ್ತಿದರು. ಮತ್ತೆ ಬಂತು.

ಆಸ್ಪತ್ರೆಗೆ ಒಯ್ಯಲು ವ್ಯಾನು ಗೇಟಿನ ಹತ್ತಿರ ಬಂದು ನಿಂತಿತು. ನಾಲ್ವರು ಭಾವನನ್ನು ಎತ್ತಿಕೊಂಡು ಹೋದರು. ಹಿಂದೆಯೇ ಹೊರಟ ಕಡ್ಡಿಯನ್ನು ಬೀಗದಣ್ಣ ಬಾಗಿಲಲ್ಲಿ ತಡೆದ. ಹರಳಿನ ತಟ್ಟೆ ಒಪ್ಪಿಸಿ ಲೆಕ್ಕ ಹೇಳದೆ ಯಾರೂ ಹೊಸ್ತಿಲು ದಾಟುವಂತಿರಲಿಲ್ಲ. ಅವನು ಕಡ್ಡಿಯ ಮುಖ ನೋಡಲಿಲ್ಲ.

"ನಿಮ್ಮ ಭಾವಂದೂ ಸೇರಿಸಿ ನೀನೇ ಹೇಳ್ಬಿಡು. ಬಂದಿದ್ದು?"

"ಹದಿನಾಲ್ಕು."

"ಒಪ್ಪಿಸಿದ್ದು?"

"ಹದಿನಾಲ್ಕು."

"ಕಳೆದಿದ್ದು?"

ಎದುರಿನ ಗೂಟದಲ್ಲಿ ಭಾವನ ಕೋಟು ನೇತಾಡುತ್ತಿತ್ತು. ಯಾರೋ ಅವಸರದಲ್ಲಿ ಎಳೆದ ಜೇಬು ಹೊರಗೆ ಜೋತುಬಿದ್ದಿತ್ತು.

"ಸೊನ್ನೆ," ಎಂದ ಕಡ್ಡಿ.