ಸರ್ವಮಂಗಳಮ್ಮನ ಗಂಟಲು ಕಟ್ಟಿದ ವಾರ

ಅರಸೀಕೆರೆಯ ಸರ್ವಮಂಗಳಮ್ಮ ಮಾತಿಗೆ ಕೂತರೆ ಎದುರಿಗಿದ್ದವರ ಕಾಫಿ ಆರಿಹೋಗುತ್ತಿತ್ತು...

ಗಂಡ ಚಂದ್ರಮೌಳಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಹಿಂದಿನ ವರ್ಷ ಅವರಿಗೆ ಪಾರ್ಶ್ವವಾಯು ಹೊಡೆಯಿತು.

ಬಲಗೈ, ಬಲಗಾಲು ಸೋತವು... ಅದಕ್ಕಿಂತ ಹೆಚ್ಚಾಗಿ ಮಾತು ಸೋತಿತು.

ಬುದ್ಧಿಗೆ ಏನೂ ಆಗಿಲ್ಲ, ಹೇಳಬೇಕಾದದ್ದೆಲ್ಲ ಒಳಗೆ ಸರಿಯಾಗಿಯೇ ಇದೆ, ಆದರೆ ಪದ ಬಾಯಿಗೆ ಬರಲು ಹೊತ್ತು ಹಿಡಿಯುತ್ತದೆ ಎಂದು ಡಾಕ್ಟರು ಹೇಳಿದ್ದರು.

ಆ ಹೊತ್ತನ್ನೇ ಸರ್ವಮಂಗಳಮ್ಮನಿಂದ ನೋಡಲಾಗುತ್ತಿರಲಿಲ್ಲ. ಪೀರಿಯಡ್ ಪೂರ್ತಿ ನಿಂತು ಪಾಠ ಮಾಡುತ್ತಿದ್ದ ಮನುಷ್ಯ ಈಗ ಒಂದು ಪದಕ್ಕಾಗಿ ತಡಕಾಡಬೇಕಿತ್ತು...

ಅದಕ್ಕೇ ಗಂಡ "ನೀ..." ಎಂದ ಕೂಡಲೇ ನೀರಿನ ಲೋಟ ಎದುರಿಗಿರುತ್ತಿತ್ತು. "ಫ್ಯಾ..." ಎಂದರೆ ಫ್ಯಾನು ತಿರುಗುತ್ತಿತ್ತು.

ಬಂದ ನೆಂಟರು ಹೇಗಿದ್ದೀರಿ ಮೇಷ್ಟ್ರೇ ಎಂದು ಕೇಳಿದರೆ, ಈಗ ಪರವಾಗಿಲ್ಲ, ನಿನ್ನೆಯಿಂದ ಚೆನ್ನಾಗಿ ಊಟ ಮಾಡ್ತಿದ್ದಾರೆ ಎಂಬ ಉತ್ತರ ಅಡುಗೆಮನೆಯಿಂದ ಬರುತ್ತಿತ್ತು.

ಗಂಡನಿಗೆ ನಾಲಿಗೆಯೇ ಆಗಿಬಿಟ್ಟಿದ್ದಾಳೆ ಎಂದು ಎಲ್ಲರೂ ಹೊಗಳಿದರು.

ಬರಬರುತ್ತಾ ಚಂದ್ರಮೌಳಿ ಆ "ನೀ..." ಎನ್ನುವುದನ್ನೂ ಬಿಟ್ಟರು...

ಅಷ್ಟರಲ್ಲಿ ಮಗಳು ಸಿಂಚನಾಳ ಮದುವೆ ಗೊತ್ತಾಯಿತು. ಧಾರೆಗೆ ಯಾರು ಕೂರುವುದು ಎಂಬ ಪ್ರಶ್ನೆ ಬಂತು.

ಮಂಟಪದಲ್ಲಿ ಪುರೋಹಿತರು ಹೇಳಿಕೊಟ್ಟದ್ದನ್ನು ಅಪ್ಪನಾದವನು ಹೇಳಬೇಕು. ಅಷ್ಟು ಜನರ ಎದುರು ಇವರು ತಡವರಿಸಿದರೆ? ಯಾರಾದರೂ ನಕ್ಕರೆ?

ಅದನ್ನು ನೆನೆದೇ ಸರ್ವಮಂಗಳಮ್ಮ ತೀರ್ಮಾನ ಮಾಡಿಬಿಟ್ಟರು. ಮೈದುನ ಗಂಗಾಧರ ಮತ್ತು ಅವನ ಹೆಂಡತಿ ಧಾರೆ ಎರೆಯುವುದು ಎಂದಾಯಿತು.

ಅದನ್ನು ಕೇಳಿ ಚಂದ್ರಮೌಳಿ ಎಡಗೈ ಎತ್ತಿ ಏನೋ ಹೇಳಹೊರಟರು.

"ನಿಮಗೆ ಆಯಾಸ ಆಗುತ್ತೆ ಅಂತ ನಂಗೊತ್ತಿಲ್ವಾ? ನೀವು ಆರಾಮಾಗಿ ಮುಂದೆ ಕೂತ್ಕೊಂಡು ನೋಡಿ," ಎಂದರು ಸರ್ವಮಂಗಳಮ್ಮ.

ಎತ್ತಿದ ಕೈ ಕೆಳಗಿಳಿಯಿತು...

ಆಮೇಲೆ ಶುರುವಾಯಿತು ನೋಡಿ ಕರೆಯುವ ಸಂಭ್ರಮ. ಮನೆಮನೆಗೆ ಹೋಗಿ, ದೂರದವರನ್ನು ಫೋನಿನಲ್ಲಿ ಕೂಗಿ ಕರೆದು, ಮದುವೆಗೆ ಒಂದು ವಾರವಿರುವಾಗ ಸರ್ವಮಂಗಳಮ್ಮನ ಗಂಟಲು ಪೂರ್ತಿ ಕಟ್ಟಿಹೋಯಿತು.

ಗಂಟಲಿನ ಡಾಕ್ಟರು, ಧ್ವನಿತಂತುಗಳು ಊದಿಕೊಂಡಿವೆ, ಕೆಲವು ದಿನ ಪಿಸುಮಾತೂ ಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದರು.

ಜೊತೆಗೆ ಹೋಗಿದ್ದ ಗಂಗಾಧರ, "ಡಾಕ್ಟ್ರೇ, ಈ ಟ್ರೀಟ್‌ಮೆಂಟ್ ಮದ್ವೆ ಆದ್ಮೇಲೂ ಮುಂದುವರಿಸೋಕಾಗುತ್ತಾ?" ಎಂದು ಕೇಳಿ ಅತ್ತಿಗೆಯಿಂದ ಬೆನ್ನಿಗೊಂದು ಗುದ್ದು ತಿಂದ.

ಮರುದಿನ ಬೆಳಿಗ್ಗೆ ಮನೆ ಎಂದೂ ಇಲ್ಲದಷ್ಟು ಸುಮ್ಮನಿತ್ತು. ಸರ್ವಮಂಗಳಮ್ಮ ಗಂಡನ ಎದುರು ಕೂತು ಅವರೆಕಾಯಿ ಸುಲಿಯುತ್ತಿದ್ದರು.

ಚಂದ್ರಮೌಳಿ "ಗಂ..." ಎಂದರು.

ಸರ್ವಮಂಗಳಮ್ಮನ ಬಾಯಿ ತೆರೆಯಿತು... ಡಾಕ್ಟರ ಮಾತು ನೆನಪಾಗಿ ಹಾಗೇ ಮುಚ್ಚಿತು.

ಗಂಡನ ಮುಖ ನೋಡುತ್ತಾ ಕಾಯುವುದು ಬಿಟ್ಟು ಅವರಿಗೆ ಬೇರೆ ದಾರಿಯೇ ಇರಲಿಲ್ಲ.

ಒಳಗೆ ಕುಕ್ಕರ್ ಒಂದು ಸಲ ಕೂಗಿತು... ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಲ ಕೂಗಿತು...

"ಗಂಗಾ...ಧರ... ಬೇಡ," ಎಂದರು ಚಂದ್ರಮೌಳಿ. "ನಾನು... ಕೂರ್ತೀನಿ. ನನ್... ಮಗ್ಳು."

ಸರ್ವಮಂಗಳಮ್ಮನ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು. ಪಾರ್ಶ್ವವಾಯು ಹೊಡೆದ ಮೇಲೆ ಅವರು ಗಂಡನ ಬಾಯಿಂದ ಇಷ್ಟು ಮಾತು ಕೇಳಿರಲಿಲ್ಲ.

"ಮಾತು... ಬರುತ್ತೆ, ಮಂಗಳಾ... ಸ್ವಲ್ಪ... ತಡ... ಅಷ್ಟೇ."

ಅಂದರೆ, ಇಷ್ಟು ದಿನ ತಾನು ಮಾಡಿದ್ದು ಸಹಾಯವಲ್ಲ... ಪ್ರತಿ ಸಲವೂ ಅವರು ಬಾಗಿಲವರೆಗೆ ಬಂದಾಗ, ಬಾಗಿಲಿಗೆ ಅಡ್ಡ ನಿಂತವಳು ತಾನೇ.

ಜೋರಾಗಿ ಅಳೋಣವೆಂದರೆ ಅದಕ್ಕೂ ಡಾಕ್ಟರ ಅಪ್ಪಣೆಯಿಲ್ಲ. ಸದ್ದಿಲ್ಲದೆ ಅತ್ತರು. ಚಂದ್ರಮೌಳಿ ಎಡಗೈ ಚಾಚಿ ಹೆಂಡತಿಯ ತಲೆ ಸವರಿದರು.

ಆ ವಾರವಿಡೀ ಅವರು ಒಂದೊಂದೇ ಪದ ಕೂಡಿಸಿ ಮಾತಾಡಿದರು. ಸಾರಿಗೆ ಉಪ್ಪು ಕಮ್ಮಿ ಎಂದೂ ಹೇಳಿದರು!

ಅಪ್ಪನೇ ಧಾರೆಗೆ ಕೂರುವ ವಿಷಯವನ್ನು ಸಿಂಚನಾಳೇ ಚಿಕ್ಕಪ್ಪನಿಗೆ ಅಳುಕುತ್ತಾ ತಿಳಿಸಿದಳು.

"ಬದುಕಿದೆ ಕಣೇ," ಎಂದ ಗಂಗಾಧರ. "ಅಣ್ಣ ಇರುವಾಗ ಆ ಜಾಗದಲ್ಲಿ ನಾನು ಕೂತು ಯಾರಿಗೆ ಮುಖ ತೋರಿಸ್ಲಿ ಅಂತಿದ್ದೆ. ಅತ್ತಿಗೆ ಎದುರಿಗೆ ಹೇಳೋ ಧೈರ್ಯ ಇರ್ಲಿಲ್ಲ."

ಮದುವೆಯ ದಿನ ಮಂಟಪದಲ್ಲಿ ಚಂದ್ರಮೌಳಿಯವರಿಗೆ ಕುರ್ಚಿ ಹಾಕಿದ್ದರು. ಸೋತ ಬಲಗೈಗೆ ಎಡಗೈಯ ಆಸರೆ ಕೊಟ್ಟುಕೊಂಡು ಅವರು ಧಾರೆಗೆ ಕೂತರು. ಪಕ್ಕದಲ್ಲಿ ಸರ್ವಮಂಗಳಮ್ಮ. ಅಷ್ಟರಲ್ಲಿ ಅವರ ದನಿ ಪೂರ್ತಿ ವಾಪಸ್ಸು ಬಂದಿತ್ತು.

ಈಗ ಮಗಳ ಹೆಸರು ಹೇಳಿ ಎಂದರು ಪುರೋಹಿತರು.

"ಸಿಂ..."

ಅಷ್ಟಕ್ಕೇ ನಿಂತಿತು... ವಾಲಗದವರು ಡೋಲಿನ ಮೇಲೆ ಕೋಲು ಎತ್ತಿ ಹಾಗೇ ಹಿಡಿದಿದ್ದರು.

ಮುಂದಿನ ಸಾಲಿನಿಂದ ಯಾರೋ ಹೇಳಿಕೊಡಲು ಹೊರಟರು. ಸರ್ವಮಂಗಳಮ್ಮ ಅತ್ತ ತಿರುಗಿ, ಬೇಡ ಎಂದು ಕೈ ಎತ್ತಿದರು.

ಹೆಸರು ಅವರ ನಾಲಿಗೆಯ ತುದಿಯಲ್ಲೇ ಇತ್ತು. ತುಟಿ ಬಿಗಿಹಿಡಿದು, ಗಂಡನ ಮುಖವನ್ನೇ ನೋಡುತ್ತಾ ಕಾದರು...

"ಸಿಂ...ಚನಾ... ನನ್ನ... ಮಗಳು."

ಗಟ್ಟಿಮೇಳ ಮೊಳಗಿತು. ಗಂಡಿನ ತಂದೆ ಶಲ್ಯದ ತುದಿಯಿಂದ ಕಣ್ಣು ಒತ್ತಿಕೊಂಡರು.

ಪುರೋಹಿತರು ಕೇಳಿದ್ದು ಹೆಸರನ್ನಷ್ಟೇ. ಉಳಿದೆರಡು ಪದ ಅಪ್ಪನವೇ...

ಮಾತು ಕಷ್ಟವಾದವರಿಗೆ ಬೇಕಿರುವುದು ನಮ್ಮ ನಾಲಿಗೆಯಲ್ಲ... ನಮ್ಮ ಸ್ವಲ್ಪ ಹೊತ್ತು.

ನಿಮ್ಮ ಮನೆಯಲ್ಲಿ, ಪ್ರೀತಿಯಿಂದಲೇ, ಯಾರ ಮಾತನ್ನು ನೀವು ಆಡಿ ಮುಗಿಸುತ್ತಿದ್ದೀರಿ?